ಕ್ರೈಸ್ತಮತವೂ ಈ ಸೀಮೆಯ ಲೋಕನೀತಿಯೂ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ವಿದ್ಯಾವಂತ ಗೃಹಸ್ಥರ ಚಾವಡಿಗಳಲ್ಲಿ ಕ್ರೈಸ್ತಮತದ ಪ್ರಸ್ತಾಪವು ಬಂದಾಗಲೆಲ್ಲ ಎರಡು ಪಕ್ಷಗಳು ತಪ್ಪದೆ ತಲೆಯೆತ್ತುವುವು. ಶಾಲೆ, ಆಸ್ಪತ್ರೆ, ಮುದ್ರಣಾಲಯ, ಸ್ತ್ರೀವಿದ್ಯೆ, ದೀನರಲ್ಲಿ ದಯೆ ಎಂಬಿವೆಲ್ಲವೂ ಪಾದ್ರಿಗಳು ಹಡಗಿನಲ್ಲಿ ತಂದಿಳಿಸಿದ ಸರಕುಗಳೆಂದೂ, ಅವರು ಬರುವುದಕ್ಕೆ ಮುಂಚೆ ಈ ನಾಡು ನೀತಿಯ ಹೆಸರನ್ನೇ ಅರಿಯದಿದ್ದಿತೆಂದೂ ಒಂದು ಪಕ್ಷವು ವಾದಿಸುವುದು. ಅವೆಲ್ಲವೂ ಮೀನಿಗೆ ತೋರಿಸಿದ ಗಾಳದ ಹುಳುಗಳೇ ಹೊರತು ಅವುಗಳಲ್ಲಿ ಧರ್ಮದ ಗಂಧವೂ ಇಲ್ಲವೆಂದು ಇನ್ನೊಂದು ಪಕ್ಷವು ಉತ್ತರ ಕೊಡುವುದು. ಮೊದಲನೆಯದು ಕೃತಜ್ಞತೆಯ ವೇಷವನ್ನು ತೊಟ್ಟಿರುವುದು. ಎರಡನೆಯದು ಸ್ವಾಭಿಮಾನದ ವೇಷವನ್ನು ತೊಟ್ಟಿರುವುದು. ವೇಷಗಳನ್ನು ಕಳಚಿ ನೋಡಿದರೆ ಎರಡರ ಒಳಗೂ ಇರುವುದು ತನ್ನ ಮನೆಯ ಲೆಕ್ಕವನ್ನು ತಾನು ನೋಡಿಕೊಳ್ಳಲು ಒಲ್ಲದ ಆಲಸ್ಯವೊಂದೇ. ಆದುದರಿಂದ ಎರಡನ್ನೂ ಪರೀಕ್ಷಿಸಿ, ಒಂದು ಮತದ ನೈತಿಕ ಪ್ರಭಾವವನ್ನು ಅಳೆಯುವ ನಿಜವಾದ ಅಳತೆಗೋಲು ಯಾವುದೆಂಬುದನ್ನು ನಿಶ್ಚಯಿಸುವುದು ಅವಶ್ಯವಾಗಿದೆ.

ಮೊದಲನೆಯ ಪಕ್ಷವು ಚರಿತ್ರೆಯ ಮುಂದೆ ನಿಲ್ಲಲಾರದು. ಮೂಡಬಿದಿರೆಯ ಸಾವಿರ ಕಂಬದ ಬಸದಿಯು ಕಟ್ಟಲ್ಪಟ್ಟುದು 1430ರಲ್ಲಿ. ಬಾಸೆಲ್ ಮಿಷನ್ನಿನ ಮೊದಲ ಬೋಧಕರು ಮಂಗಳೂರಿನಲ್ಲಿ ಇಳಿದುದು 1834ರಲ್ಲಿ. ನಡುವಣ ನಾನೂರು ವರ್ಷಗಳಲ್ಲಿ ಈ ಸೀಮೆಯು ನೀತಿಯಿಲ್ಲದೆ ಬಾಳಿತೆಂದು ಹೇಳಬೇಕಾದರೆ ಬಹಳ ಧೈರ್ಯ ಬೇಕು, ಇಲ್ಲವೆ ಬಹಳ ಅಜ್ಞಾನ ಬೇಕು. ಹಸಿದವನಿಗೆ ಆಹಾರ, ರೋಗಿಗೆ ಔಷಧ, ಅರಿಯಬಯಸುವವನಿಗೆ ಶಾಸ್ತ್ರ, ಹೆದರಿ ಬಂದವನಿಗೆ ಅಭಯ ಎಂಬ ಚತುರ್ವಿಧದಾನವು ಜೈನಗೃಹಸ್ಥನ ಕರ್ತವ್ಯವೆಂದು ಆ ಬಸದಿಗಳಲ್ಲಿ ತಲೆಮಾರುಗಳಿಂದ ಬೋಧಿಸಲ್ಪಡುತ್ತಿದ್ದಿತು. ಗೋವೆಯಿಂದ ವಲಸೆ ಬಂದ ಕೊಂಕಣಿ ಕಥೋಲಿಕರಿಗೆ ಉಳಲು ನೆಲವೂ ನೆಲಸಲು ನೆಲೆಯೂ ದೊರೆತುದು ಕೆಳದಿಯ ನಾಯಕರ ಆಳಿಕೆಯಲ್ಲಿ. ಬಂಟವಾಳದ ಸಮೀಪದ ಅಗ್ರಾರಿನ ಇಗರ್ಜಿಯು 18ನೆಯ ಶತಮಾನದಷ್ಟು ಹಳೆಯದು. ಅದು ಯಾವ ಯುರೋಪಿಯನ್ ಸರಕಾರದ ಆಶ್ರಯದಿಂದಲೂ ಅಲ್ಲಿ ತಲೆಯೆತ್ತಲಿಲ್ಲ.

ಇದಕ್ಕಿಂತಲೂ ಬಲವಾದ ಸಾಕ್ಷ್ಯವು ಮೂಡಬಿದಿರೆಯ ಮಗ್ಗುಲಲ್ಲಿಯೇ ಉಂಟು. 1784ನೆಯ ಇಸವಿಯ ಫೆಬ್ರವರಿ 24ರಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕಥೋಲಿಕರು ಸೆರೆಹಿಡಿಯಲ್ಪಟ್ಟು ಶ್ರೀರಂಗಪಟ್ಟಣಕ್ಕೆ ನಡೆಸಲ್ಪಟ್ಟರು. ಅವರ ಸಂಖ್ಯೆಯ ವಿಷಯದಲ್ಲಿ ಬರಹಗಾರರಲ್ಲಿ ಒಮ್ಮತವಿಲ್ಲ. ಅವರು ಸಾವಿರಗಟ್ಟಲೆಯ ಜನರೆಂಬುದರಲ್ಲಿ ಸಂದೇಹವಿಲ್ಲ. ಸುಲ್ತಾನನು ಮಡಿದ 1799ರ ತರುವಾಯ ಅವರಲ್ಲಿ ಬದುಕಿ ಉಳಿದವರು ಹಿಂದಿರುಗಿದರು. ಸೀಮೆಯ ಇಗರ್ಜಿಗಳೆಲ್ಲ ನೆಲಸಮವಾದ ಆ ಕಾಲದಲ್ಲಿ ಮೂಡಬಿದಿರೆಯ ಬಳಿಯ ಹೊಸ್ಪೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯೊಂದು ಉಳಿಯಿತು. ಅದು ಉಳಿದುದು ಮೂಡಬಿದಿರೆಯ ಚೌಟ ಅರಸನ ಸ್ನೇಹದಿಂದ ಎಂಬುದನ್ನು ಕ್ರೈಸ್ತರ ಇತಿಹಾಸಕಾರರೇ ಬರೆದಿಟ್ಟಿರುವರು. ಜೈನ ಅರಸನೊಬ್ಬನು ಪರಧರ್ಮದವರ ದೇವಾಲಯಕ್ಕೆ ಕೊಟ್ಟ ಈ ರಕ್ಷಣೆಗೆ ಅಭಯದಾನವೆಂಬುದಕ್ಕಿಂತ ಬೇರೆ ಹೆಸರಿಲ್ಲ. ನೀತಿಯೆಂಬುದು ಒಂದೇ ದಿಕ್ಕಿನಿಂದ ಇಲ್ಲಿಗೆ ಹರಿದುಬಂದಿತೆನ್ನುವವರು ಮೊದಲು ಹೊಸ್ಪೆಟ್ಟಿಗೆ ಹೋಗಿ ಆ ಗೋಡೆಗಳನ್ನು ನೋಡಿ ಬರಲಿ.

ಇನ್ನು ಎರಡನೆಯ ಪಕ್ಷ. ಎಲ್ಲವೂ ಗಾಳದ ಹುಳುವಾಗಿದ್ದರೆ ಆ ಬೆಸ್ತನಂಥ ದಡ್ಡನು ಬೇರೊಬ್ಬನಿಲ್ಲವೆಂದು ಹೇಳಬೇಕಾಗುವುದು. ಏಕೆಂದರೆ ಮಿಷನ್ ಶಾಲೆಗಳಲ್ಲಿ ಓದಿದವರಲ್ಲಿ ಬಹುಪಾಲು ಜನರು ಹಿಂದುಗಳಾಗಿ, ಜೈನರಾಗಿ, ಮುಸಲ್ಮಾನರಾಗಿ ಹೋದರು. ಹಿಂದುಗಳಾಗಿ, ಜೈನರಾಗಿ, ಮುಸಲ್ಮಾನರಾಗಿಯೇ ಮರಳಿ ಬಂದರು. ಮತಾಂತರದ ಆಸೆಯು ಪಾದ್ರಿಗೆ ಇರಲಿಲ್ಲವೆಂದಲ್ಲ. ಇದ್ದಿತು, ಅವನು ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಆಸೆಯೊಂದೇ ಆಗಿದ್ದರೆ ಹೆರ್ಮನ್ ಮೊಗ್ಲಿಂಗನು 1843ರಲ್ಲಿ “ಮಂಗಳೂರ ಸಮಾಚಾರ”ವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದುದಲ್ಲದೆ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಬೇಕಾಗಿರಲಿಲ್ಲ. ಫರ್ಡಿನಂಡ್ ಕಿಟ್ಟೆಲನು ಜೈನ ವ್ಯಾಕರಣಕಾರನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಶೋಧಿಸಿ ಪ್ರಕಟಿಸಬೇಕಾಗಿರಲಿಲ್ಲ. ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ಮುಗಿಸುವವರೆಗೆ ತನ್ನ ಕಣ್ಣುಗಳನ್ನು ಸವೆಸಬೇಕಾಗಿರಲಿಲ್ಲ. ಭೂತಗಳನ್ನು ಪಿಶಾಚಿಗಳೆಂದು ಪೀಠದಿಂದ ಖಂಡಿಸುತ್ತಿದ್ದ ಮಿಷನ್ನಿನ ಮುದ್ರಣಾಲಯವೇ ಆ ಭೂತಗಳ ಪಾಡ್ದನಗಳನ್ನು 1886ರಲ್ಲಿ ತುಳುವಿನಲ್ಲಿ ಅಚ್ಚುಮಾಡಿತು. ಅದೇ ವರ್ಷ ಮ್ಯಾನರನ ತುಳು ನಿಘಂಟೂ ಹೊರಬಂದಿತು. ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಪದ್ಯಪುಸ್ತಕಗಳು ಜಿಲ್ಲೆಯ ಮಕ್ಕಳ ಕೈಗೆ ಬಂದುದು ಆ ಮುದ್ರಣಾಲಯದಿಂದಲೇ. ಅವುಗಳನ್ನು ಬಾಯಿಪಾಠ ಮಾಡಿದ ಮಕ್ಕಳು ಎಷ್ಟು ಮಂದಿ ಕ್ರೈಸ್ತರಾದರೆಂಬುದನ್ನು ಗಾಳದ ವಾದಿಗಳೇ ಎಣಿಸಿ ಹೇಳಲಿ.

ಕಂಕನಾಡಿಯ ಸಂಗತಿಯೂ ಹೀಗೆಯೇ. ಜರ್ಮನಿಯ ಜೆಸುಯಿತ್ ಪಾದ್ರಿ ಆಗಸ್ಟಸ್ ಮುಲ್ಲರನು 1880ರಲ್ಲಿ ಹೋಮಿಯೋಪತಿ ಔಷಧಾಲಯವನ್ನು ತೆರೆದನು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದನು. ಒಡಹುಟ್ಟಿದವರೇ ಹೊಸ್ತಿಲಿನಿಂದ ಹೊರಗಟ್ಟಿದ ಕುಷ್ಠರೋಗಿಯಿಂದ ಸಭೆಗೆ ಸಂಪತ್ತು ಬರುವುದಿಲ್ಲ, ಪ್ರತಿಷ್ಠೆ ಬರುವುದಿಲ್ಲ, ಸಂಖ್ಯಾಬಲವೂ ಬರುವುದಿಲ್ಲ. ಆ ಹುಣ್ಣನ್ನು ತೊಳೆಯುವುದನ್ನು ಗಾಳವೆನ್ನುವ ನಾಲಗೆಯು ಒಮ್ಮೆಯಾದರೂ ಅಂಥ ಹುಣ್ಣಿನ ಹತ್ತಿರ ನಿಂತಿರಬೇಕು, ಆಮೇಲೆ ಮಾತನಾಡಬಹುದು.

ಹಾಗಾದರೆ ದಾನವೂ ದಯೆಯೂ ಇಲ್ಲಿ ಮೊದಲೇ ಇದ್ದು, ಪಾದ್ರಿಯ ಸೇವೆಯೂ ಬರಿಯ ಮೋಸವಲ್ಲದಿದ್ದರೆ, ಕ್ರೈಸ್ತಮತದಿಂದ ಈ ಸೀಮೆಗೆ ಬಂದ ಹೊಸ ಪದಾರ್ಥವು ಯಾವುದು? ಅದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಬೆಂಚು. ಪೂರ್ವದ ದಾನವು ಉದಾರವಾಗಿದ್ದರೂ ಕೊಡುವವನನ್ನು ಜಗಲಿಯ ಮೇಲೂ ಪಡೆಯುವವನನ್ನು ಅಂಗಳದ ಹೊರಗೂ ನಿಲ್ಲಿಸುತ್ತಿದ್ದಿತು. ಅನ್ನವು ಅಂಗಳವನ್ನು ದಾಟಿ ಹೋಗುತ್ತಿದ್ದಿತು. ಮನುಷ್ಯನು ಅಂಗಳವನ್ನು ದಾಟಿ ಬರುತ್ತಿರಲಿಲ್ಲ. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಡಾಕ್ಟರ್ ಬುಕಾನನನು ತುಳುನಾಡಿನಲ್ಲಿ ಜೀತದಾಳುಗಳು ಮಾರಲ್ಪಡುತ್ತಿದ್ದುದನ್ನೂ ಅವರ ಕ್ರಯವನ್ನೂ ಭತ್ತ, ದನಗಳ ಕ್ರಯದೊಂದಿಗೆ ತನ್ನ ಪುಸ್ತಕದಲ್ಲಿ ಗುರುತುಹಾಕಿಕೊಂಡಿರುವನು. 1843ರ ಶಾಸನವು ದಾಸ್ಯಕ್ಕೆ ಕಾನೂನಿನ ಬಲವಿಲ್ಲದಂತೆ ಮಾಡಿತು. ಆದರೆ ಶಾಸನವು ಯಾರನ್ನೂ ಯಾರ ಪಕ್ಕದಲ್ಲಿಯೂ ಕುಳ್ಳಿರಿಸಲಿಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಮಹಾರ ಬಾಲಕನೊಬ್ಬನಿಗೆ ಪ್ರವೇಶವೇ ನಿರಾಕರಿಸಲ್ಪಟ್ಟಿತು. ಸರಕಾರವೇ ಹೆದರಿದಲ್ಲಿ, ಜಾತಿಯನ್ನು ಕೇಳದೆ ಅಕ್ಷರವನ್ನು ಕಲಿಸುವೆನೆಂದು ಹೊರಟುದು ಮಿಷನ್ ಶಾಲೆಯು. ದಾನವು ಹೊಟ್ಟೆಯನ್ನು ತುಂಬುವುದು. ಬೆಂಚು ತಲೆಯನ್ನೆತ್ತುವಂತೆ ಮಾಡುವುದು. ಇವೆರಡರ ಭೇದವನ್ನು ಅರಿಯದವನು ಈ ಜಿಲ್ಲೆಯ ಕಳೆದ ಶತಮಾನದ ಚರಿತ್ರೆಯನ್ನು ಅರಿಯಲಾರನು.

ಕಸಬಿನ ವಿಷಯದಲ್ಲಿಯೂ ಇದೇ ಪರೀಕ್ಷೆಯು ನಡೆಯಿತು. ಬಾಸೆಲ್ ಸಭೆಯನ್ನು ಸೇರಿದ ಬಿಲ್ಲವನು ಮೂರ್ತೆಯ ಕಸಬನ್ನು ಬಿಡಬೇಕಾಗಿದ್ದಿತು; ಕಳ್ಳಿನ ಸಂಪಾದನೆಯು ಸಭೆಗೆ ಸಲ್ಲದು. ಕಸಬನ್ನು ಬಿಡಿಸಿದವನು ಅನ್ನದ ದಾರಿಯನ್ನೂ ತೋರಿಸಬೇಕೆಂಬ ನ್ಯಾಯದಿಂದ ನೇಯ್ಗೆಯ ಶಾಲೆಯೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯೂ ಹುಟ್ಟಿದುವು. ನೇತ್ರಾವತಿಯ ಆವೆಮಣ್ಣಿನಿಂದ ಸುಟ್ಟ ಆ ಹಂಚುಗಳು ಹುಲ್ಲಿನ ಮಾಡುಗಳನ್ನು ಇಳಿಸಿ ತಾವು ಏರಿ ಕುಳಿತುವು. ಕಾರ್ಖಾನೆಯಿಂದ ಲಾಭವೂ ಬಂದಿತೆಂಬುದು ಆಕ್ಷೇಪವಾದರೆ ಅದನ್ನು ಒಪ್ಪಿಕೊಳ್ಳಬಹುದು. ಆದರೆ ಪಾಪವನ್ನು ಬಿಡು ಎಂದು ಬರಿಯ ಬಾಯಿಯಿಂದ ಹೇಳುವವರು ಎಲ್ಲ ಮತಗಳಲ್ಲಿಯೂ ಬೇಕಾದಷ್ಟು ಮಂದಿ ಇರುವರು. ಬಿಟ್ಟವನ ಒಲೆಯಲ್ಲಿ ಮರುದಿನ ಬೆಂಕಿ ಉರಿಯುವುದೋ ಎಂದು ಹೋಗಿ ನೋಡಿದವರು ವಿರಳ.

ಆದರೂ ಕ್ರೈಸ್ತಮತದ ಅತಿ ದೊಡ್ಡ ನೈತಿಕ ಪ್ರಭಾವವು ಕ್ರೈಸ್ತರಾದವರ ಮೇಲೆ ಅಲ್ಲ, ಆಗದೆ ಉಳಿದವರ ಮೇಲೆ ಆಯಿತೆಂಬುದೇ ಇಲ್ಲಿಯ ಮುಖ್ಯವಾದ ವಾದ. ನೆರೆಯವನು ಬೆಂಚನ್ನು ಹಾಕಿದುದನ್ನು ನೋಡಿ ಮನೆಯವರಿಗೆ ನಾಚಿಕೆ ಹುಟ್ಟಿತು. ಆ ನಾಚಿಕೆಯೇ ಸುಧಾರಣೆಯ ಬೀಜಗಳಲ್ಲೊಂದಾಯಿತು. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವು ನೆಲೆಗೊಂಡಿತು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು; ಹೆಣ್ಣುಮಕ್ಕಳ ಶಾಲೆಯು 1894ರಲ್ಲಿ ಅದನ್ನು ಹಿಂಬಾಲಿಸಿತು. ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ 1892ರಲ್ಲಿ ಶಾಲೆಯನ್ನು ತೆರೆದು, 1897ರಲ್ಲಿ ದಲಿತೋದ್ಧಾರದ ಸಂಘವನ್ನು ಕಟ್ಟಿ, ಸ್ವಜಾತಿಯ ಬಹಿಷ್ಕಾರವನ್ನೂ ಬೀದಿಯ ಧಿಕ್ಕಾರವನ್ನೂ ನುಂಗಿಕೊಂಡರು. ದೇವಾಲಯದ ಬಾಗಿಲು ಮುಚ್ಚಲ್ಪಟ್ಟಿದ್ದ ಬಿಲ್ಲವರಿಗಾಗಿ ಕುದ್ರೋಳಿಯಲ್ಲಿ ನಾರಾಯಣ ಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದರು. ಇವರಲ್ಲಿ ಯಾರೂ ಪಾದ್ರಿಯ ಶಿಷ್ಯರಲ್ಲ. ಅವರ ಧೈರ್ಯವು ಅವರದೇ, ಅವರ ಶಾಸ್ತ್ರವೂ ಅವರದೇ. ಆದರೆ ಮನೆಯ ಮಗನು ಅವಮಾನಕ್ಕೆ ಬೇಸತ್ತು ಬೇರೆ ಮನೆಯ ಬಾಗಿಲನ್ನು ತಟ್ಟುತ್ತಿರುವಾಗ ಮಾತ್ರ ಮನೆಯ ಯಜಮಾನನು ನಿದ್ರೆಯಿಂದ ಎದ್ದನೆಂಬುದನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹ.

ಇಷ್ಟನ್ನು ಹೇಳಿದ ಮೇಲೆ ಕ್ರೈಸ್ತಸಮಾಜದವರ ಮುಂದೆಯೂ ಅದೇ ಅಳತೆಗೋಲನ್ನು ಹಿಡಿಯದಿದ್ದರೆ ಅನ್ಯಾಯವಾಗುವುದು. ದೇವರ ಮುಂದೆ ಮನುಷ್ಯರೆಲ್ಲರೂ ಸಮಾನರೆಂದು ಬೋಧಿಸುವ ಇಗರ್ಜಿಯ ಹಿತ್ತಿಲಿನಲ್ಲಿ ಬಾಮಣ, ಚಾರೊಡಿ, ಸುದಿರ, ಗಾವ್ಡಿ ಎಂಬ ಪಂಗಡಗಳು ಗೋವೆಯಿಂದ ಗಂಟುಕಟ್ಟಿಕೊಂಡು ಬಂದು ಶತಮಾನಗಳವರೆಗೆ ಬೆಳೆದುವು. ಜ್ಞಾನಸ್ನಾನದ ನೀರು ಹೆಸರನ್ನು ತೊಳೆಯಿತು, ಜಾತಿಯನ್ನು ತೊಳೆಯಲಿಲ್ಲ. ಒಂದೇ ಪೀಠದ ಮುಂದೆ ಒಂದೇ ಪ್ರಸಾದವನ್ನು ಸ್ವೀಕರಿಸಿದವರು ಮಗಳ ಸಂಬಂಧವನ್ನು ನೋಡುವಾಗ ಪೂರ್ವಜರ ಪಂಗಡವನ್ನು ಕೇಳಿದರು. 1961ರ ವರದಕ್ಷಿಣೆ ನಿಷೇಧ ಶಾಸನವು ಬಂದ ಮೇಲೆಯೂ ವರದಕ್ಷಿಣೆಯೆಂಬ ಪೀಡೆಯು ಇಗರ್ಜಿಯ ಮೆಟ್ಟಿಲನ್ನು ಇಳಿದುಹೋಗಲಿಲ್ಲ. ಹಿಂದೂ ಗೃಹಸ್ಥನ ಸ್ಥಿತಿಯು ಇದಕ್ಕಿಂತ ಮೇಲಲ್ಲವೆಂಬುದು ಸತ್ಯ. ಆದರೆ ಸಮಾನತೆಯ ಸುವಾರ್ತೆಯನ್ನು ತಂದೆನೆನ್ನುವವನಿಗೆ ಆ ಸಮಾಧಾನವು ಒಪ್ಪುವುದಿಲ್ಲ. ಬೇರೆ ದಾರಿ ಇರಲಿಲ್ಲವೆಂದೂ ಹೇಳುವಂತಿಲ್ಲ. 1844ರಲ್ಲಿ ದೀಕ್ಷಾಸ್ನಾನವನ್ನು ಪಡೆದ ಸಾರಸ್ವತ ಬ್ರಾಹ್ಮಣ ಹೆರ್ಮನ್ ಆನಂದರಾವ್ ಕೌಂಡಿನ್ಯನು ಕೊಡಗಿನ ಆನಂದಪುರದಲ್ಲಿ ಹೊಲೆಯ ಕೂಲಿಗಳಿಗಾಗಿ ನೆಲೆಯನ್ನು ಕಟ್ಟಿದನು. ಒಬ್ಬನಿಂದ ಸಾಧ್ಯವಾದುದು ಅನೇಕರಿಂದ ಅಸಾಧ್ಯವಾದುದೇಕೆಂಬ ಪ್ರಶ್ನೆಗೆ ಉತ್ತರವನ್ನು ಕ್ರೈಸ್ತಸಮಾಜವೇ ಕೊಡಬೇಕು.

ನೆಲದ ವಿಷಯದಲ್ಲಿ ಸಂಕೋಚವು ಇನ್ನೂ ಹೆಚ್ಚು. ದಕ್ಷಿಣ ಕನ್ನಡವು ಗೇಣಿದಾರರ ಜಿಲ್ಲೆ. ಗುತ್ತಿನ ಬಂಟ, ಬೀಡಿನ ಜೈನ, ಅಗ್ರಹಾರದ ಬ್ರಾಹ್ಮಣ ಇವರೊಂದಿಗೆ ಕಥೋಲಿಕ ಧನಿಗಳೂ ಇದ್ದರು. ಇವರೆಲ್ಲರ ಒಕ್ಕಲುಗಳಲ್ಲಿ ಕಥೋಲಿಕ ಬಡವರೂ ಇದ್ದರು. ಬಸದಿಯ ಉಪದೇಶವಾಗಲಿ, ಮಠದ ಆಶೀರ್ವಾದವಾಗಲಿ, ಇಗರ್ಜಿಯ ಪ್ರಸಂಗವಾಗಲಿ ಒಕ್ಕಲಿನವನಿಗೆ ಅವನು ಉತ್ತ ಗದ್ದೆಯನ್ನು ಕೊಡಿಸಲಿಲ್ಲ. ಅದನ್ನು ಕೊಡಿಸಿದುದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಶಾಸನ. ಬಂಟವಾಳ, ಬೆಳ್ತಂಗಡಿಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಕಾಲೇಜಿನ ಮೆಟ್ಟಿಲನ್ನು ಹತ್ತಿದುದು ಆ ಶಾಸನದ ಮೇಲೆ ಕಾಲಿಟ್ಟು. ಧರ್ಮಗಳೆಲ್ಲವೂ ಒಟ್ಟಾಗಿ ಮೌನವಾಗಿದ್ದ ಸ್ಥಳದಲ್ಲಿ ಕಾನೂನು ಮಾತನಾಡಿತೆಂಬುದನ್ನು ಎಲ್ಲ ಮತಗಳ ಪುರೋಹಿತರೂ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇತ್ತ ಹಿಂದೂ, ಜೈನ ಗೃಹಸ್ಥರು ನೆರೆಯವನಿಂದ ಕಲಿತುದೇನು? ಕಟ್ಟಡವನ್ನು ಕಲಿತರು, ಗಂಟೆಯನ್ನು ಕಲಿತರು, ಸಮವಸ್ತ್ರವನ್ನು ಕಲಿತರು. ಬೆಂಚಿನ ಅರ್ಥವನ್ನು ಪೂರ್ಣವಾಗಿ ಕಲಿಯಲಿಲ್ಲ. ಇದಕ್ಕೆ ಸಾಕ್ಷಿಯು ಬೇಕಾದರೆ 2000ದಲ್ಲಿ ಕರ್ನಾಟಕ ರಾಜ್ಯವು ಮಾಡಿದ ಅಜಲು ನಿಷೇಧದ ಶಾಸನವನ್ನು ತೆರೆದು ಓದಬೇಕು. ಕೂದಲು, ಉಗುರುಗಳನ್ನು ಬೆರಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು, ಕೂಲಿ ಕೊಡದೆ ದುಡಿಸುವುದು ಇವೆಲ್ಲವೂ ಇನ್ನು ಮುಂದೆ ಅಪರಾಧಗಳೆಂದು ಅದರಲ್ಲಿ ಬರೆಯಬೇಕಾಗಿ ಬಂದಿತು. ಬಾಸೆಲಿನವರು ಬಂದು 166 ವರ್ಷಗಳಾದ ಮೇಲೆ, ಸ್ವರಾಜ್ಯವು ಬಂದು 53 ವರ್ಷಗಳಾದ ಮೇಲೆ, ಹೆಜ್ಜೆಗೊಂದು ದೇವಸ್ಥಾನವೂ ಬಸದಿಯೂ ಮಸೀದಿಯೂ ಇಗರ್ಜಿಯೂ ಇರುವ ನಾಡಿನಲ್ಲಿ ಇಂಥ ವಾಕ್ಯಗಳು ಕಾನೂನಿನ ಪುಸ್ತಕದಲ್ಲಿ ಅಚ್ಚಾದುವು. ಮತಾಂತರದಿಂದ ಧರ್ಮಕ್ಕೆ ಹಾನಿಯಾಯಿತೆಂದು ಸಭೆ ಸೇರಿಸುವವರು ಈ ಅನ್ನದ ತುತ್ತಿನಿಂದ ಧರ್ಮಕ್ಕೆ ಯಾವ ಕಾಂತಿ ಬಂದಿತೆಂಬುದನ್ನೂ ಅದೇ ಸಭೆಯಲ್ಲಿ ವಿವರಿಸಬೇಕು.

ಇಂದಿನ ಸ್ಥಿತಿಯು ಎರಡು ಕಡೆಯವರಿಗೂ ಹೆಮ್ಮೆಯದಲ್ಲ. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತ ಕೃಷಿಕರು ಬೇರೂರಿ, 1999ರಲ್ಲಿ ಅವರಿಗೆ ಪ್ರತ್ಯೇಕ ಧರ್ಮಪ್ರಾಂತ್ಯವೂ ಆಯಿತು, ಮೂಡಬಿದಿರೆಯು ವಿದ್ಯಾಕ್ಷೇತ್ರವೆನಿಸಿಕೊಂಡಿತು, ವಿದ್ಯಾಸಂಸ್ಥೆಯಿಲ್ಲದ ಮತವೇ ಈ ಸೀಮೆಯಲ್ಲಿ ಉಳಿಯಲಿಲ್ಲ. ಆದರೆ ಬೆಂಚಿಗೆ ಬೆಲೆಯನ್ನು ಕಟ್ಟುವುದರಲ್ಲಿ ಮಾತ್ರ ಎಲ್ಲ ಮತಗಳಿಗೂ ಆಶ್ಚರ್ಯಕರವಾದ ಐಕಮತ್ಯವುಂಟು. ಶುಲ್ಕವನ್ನು ತೆರಲಾರದ ಮಗುವು ಎಲ್ಲ ದೇವರ ಶಾಲೆಗಳ ಗೇಟಿನ ಹೊರಗೂ ಸಮಾನವಾಗಿ ನಿಲ್ಲುವುದು. ಕಿಟ್ಟೆಲನು ಕನ್ನಡದ ಶಬ್ದಗಳನ್ನು ಒಂದೊಂದಾಗಿ ಆಯ್ದು ಕೂಡಿಸಿದ ಜಿಲ್ಲೆಯಲ್ಲಿ ಕ್ರೈಸ್ತ, ಹಿಂದೂ, ಜೈನ, ಮುಸಲ್ಮಾನ ಸಂಸ್ಥೆಗಳು ಇಂಗ್ಲಿಷಿನ ಫಲಕವನ್ನು ತೂಗಹಾಕುವುದರಲ್ಲಿ ಒಂದನ್ನೊಂದು ಮೀರಿಸುತ್ತಿರುವುವು. ಪಾದ್ರಿಯು ಜನರ ಬಳಿಗೆ ಹೋಗಲು ಜನರ ಭಾಷೆಯನ್ನು ಕಲಿತನು. ಇಂದಿನ ಸಂಸ್ಥೆಗಳು ಜನರಿಂದ ದೂರ ಹೋಗುವ ಭಾಷೆಯನ್ನು ಮಾರುತ್ತಿರುವುವು.

ಇದರ ನಡುವೆ 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸೀಮೆಯ ಪ್ರಾರ್ಥನಾಲಯಗಳ ಮೇಲೆ ಆಕ್ರಮಣಗಳು ನಡೆದುವು, ಶಿಲುಬೆಗಳು ಮುರಿಯಲ್ಪಟ್ಟುವು. ಆ ಕಾಲದಲ್ಲಿ ಚೌಟ ಅರಸನ ನೆನಪು ಎಷ್ಟು ಮಂದಿಗೆ ಬಂದಿತು? ಸುಲ್ತಾನನ ಸೈನ್ಯವೇ ಎದುರಿಗಿದ್ದಾಗ ಒಬ್ಬ ಸಣ್ಣ ಅರಸನಿಗೆ ಇದ್ದ ಧೈರ್ಯವು, ಸಂವಿಧಾನದ ರಕ್ಷಣೆಯಲ್ಲಿ ಬದುಕುವ ವಿದ್ಯಾವಂತರಲ್ಲಿ ಚಾವಡಿಯ ಪಿಸುಮಾತಿಗೆ ಇಳಿಯಿತೆಂದರೆ, ವಿದ್ಯೆಯು ಬೆಳೆದಷ್ಟು ನೀತಿಯು ಬೆಳೆಯಲಿಲ್ಲವೆಂದೇ ಅರ್ಥ. ನೆರೆಯವನ ಮತವನ್ನು ಖಂಡಿಸುವ ಹಕ್ಕು ಎಲ್ಲರಿಗೂ ಉಂಟು. ಪಾದ್ರಿಯೂ ಅದನ್ನು ಧಾರಾಳವಾಗಿ ಬಳಸಿಕೊಂಡನು, ಕೆಲವೊಮ್ಮೆ ಸಭ್ಯತೆಯ ಮೇರೆಯನ್ನೂ ಮೀರಿದನು. ಆದರೆ ಕಠಿನವಾದ ಮಾತಿಗೆ ಮಾತೇ ಉತ್ತರ. ಕಲ್ಲನ್ನು ಎತ್ತಿದವನು ತನ್ನ ಪಕ್ಷದಲ್ಲಿ ಮಾತು ಮುಗಿಯಿತೆಂದು ತಾನೇ ಒಪ್ಪಿಕೊಂಡಂತೆ.

ಆದಕಾರಣ ಈ ಸೀಮೆಯಲ್ಲಿ ಕ್ರೈಸ್ತಮತದ ನೈತಿಕ ಪ್ರಭಾವವೆಷ್ಟೆಂಬುದನ್ನು ಜ್ಞಾನಸ್ನಾನ ಪಡೆದವರ ದಾಖಲೆಪುಸ್ತಕದಲ್ಲಿ ಹುಡುಕಬಾರದು. ಕಟ್ಟಡಗಳ ಎತ್ತರದಲ್ಲಿಯೂ ಹುಡುಕಬಾರದು. ಊಟದ ಪಂಕ್ತಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ಶಾಲೆಯ ಗೇಟಿನಲ್ಲಿ, ಕೊರಗರ ಕೊಪ್ಪದಲ್ಲಿ ಹುಡುಕಬೇಕು. ಆ ನಾಲ್ಕು ಸ್ಥಳಗಳಲ್ಲಿ ಎಲ್ಲಿ ಮನುಷ್ಯನು ಮನುಷ್ಯನ ಪಕ್ಕದಲ್ಲಿ ಸಂಕೋಚವಿಲ್ಲದೆ ಕುಳಿತಿರುವನೋ ಅಲ್ಲಿ ಬೆಂಚಿನ ಪಾಠವು ಫಲಿಸಿದೆ, ಅವನ ಕೊರಳಲ್ಲಿ ಶಿಲುಬೆ ಇರಲಿ, ಜನಿವಾರವಿರಲಿ, ಏನೂ ಇಲ್ಲದಿರಲಿ. ಎಲ್ಲಿ ಕುಳಿತಿಲ್ಲವೋ ಅಲ್ಲಿ ಅದು ವ್ಯರ್ಥವಾಗಿದೆ, ಗೋಡೆಯ ಮೇಲೆ ಯಾವ ದೇವರ ಪಟವಿದ್ದರೂ ಸರಿ. ಬಂಟವಾಳದ ಗೃಹಸ್ಥನೂ ಬೆಳ್ತಂಗಡಿಯ ಕೃಷಿಕನೂ ಮೂಡಬಿದಿರೆಯ ಶ್ರಾವಕನೂ ಪಾದ್ರಿಗೆ ತೀರಿಸಬೇಕಾದ ಋಣವೊಂದಿದ್ದರೆ ಅದು ಸ್ತುತಿಯಿಂದ ತೀರದು. ಮುಂದಿನ ಮದುವೆಯ ಊಟಕ್ಕೆ ಎಲೆ ಹಾಕುವಾಗ ಕೊರಗ ನೆರೆಯವನಿಗೆ ಯಾವ ಸಾಲಿನಲ್ಲಿ ಎಲೆ ಬೀಳುವುದೆಂಬುದರಿಂದಲೇ ಅದು ತೀರಬೇಕು. ಇಗರ್ಜಿಯ ಸಮೀಪದ ಸಭಾಂಗಣದಲ್ಲಿ ನಡೆಯುವ ಮದುವೆಗೂ ಈ ಮಾತು ಸಲ್ಲುವುದು.